ಹತ್ತದ ಕೆಂಪು ದೀಪ

ಹಳೇಬೀಡು ಬಿಟ್ಟು ಹಗರೆ ಕಡೆ ಹೊರಟಿದ್ದ ನನ್ನ ಬಾಡಿಗೆ ವ್ಯಾನು ನಡುದಾರಿಯಲ್ಲೇ ನಿಂತಿತು. ಹಾರ್ನ್ ಇಲ್ಲ, ಸ್ಟಾರ್ಟರ್ ಇಲ್ಲ— ಬ್ಯಾಟರಿ ಪೂರ್ತಿ ಖಾಲಿ! ಆಯುಧಪೂಜೆಯಾದ ಮೇಲೆ ಇದು ಮೂರನೇ ಸಲ.

ಕಳ್ಳ ಯಾರೆಂದು ಆಗಲೇ ತೀರ್ಮಾನಿಸಿದ್ದೆ. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರನ್ನು ಹಬ್ಬಕ್ಕೆ ಎರಡು ದಿನ ಮುಂಚೆ ಬಿಚ್ಚಿ ರಿಪೇರಿ ಮಾಡಿದವನು ಹಗರೆಯ ಮರಿಯಣ್ಣ. ಒಳ್ಳೆಯದನ್ನು ಇಟ್ಟುಕೊಂಡು ಗುಜರಿ ಮಾಲು ಕೂರಿಸಿದ್ದಾನೆ— ಇನ್ನೇನು? ಅಲ್ಲೇ ನಿಂತು ಡ್ರೈವರುಗಳ ವಾಟ್ಸಾಪ್ ಗುಂಪಿಗೆ ವಾಯ್ಸ್ ಹಾಕಿದೆ:

"ಮರಿಯಣ್ಣ ಕಳ್ಳ ಕಣ್ರಪ್ಪೋ! ಯಾರೂ ಅವನತ್ರ ಗಾಡಿ ಬಿಡ್ಬೇಡಿ."

ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ನಾಲ್ಕೇ ದಿನಕ್ಕೆ ಅವನ ಶೆಡ್ಡಿಗೆ ಒಂದು ಗಾಡಿಯೂ ಬರದಂತಾಯಿತು. ಕೊನೆಗೆ ಮರಿಯಣ್ಣನೇ ಅರಸೀಕೆರೆಯಿಂದ ಭಾಗ್ಯಳನ್ನು ಕರೆಸಿದ. ಗಾಡಿ ವೈರಿಂಗ್‌ನಲ್ಲಿ ನಮ್ಮ ಕಡೆ ಅವಳ ಮಾತೇ ಕೊನೆ.

"ತಪ್ಪು ನಂದಾಗಿದ್ರೆ ಇವತ್ತೇ ಶೆಡ್ ಬಾಗ್ಲು ಹಾಕ್ತೀನಿ, ನೋಡವ್ವ," ಎಂದ.

ನಾನು ಚಾರ್ಜ್ ಮಾಡಿಸಿದ ಬ್ಯಾಟರಿ ಹಾಕಿಕೊಂಡು, ಮೀಸೆ ತಿರುವಿಕೊಂಡೇ ಶೆಡ್ಡಿಗೆ ಹೋದೆ.

ಭಾಗ್ಯ ಬೆಲ್ಟ್ ಒತ್ತಿ ನೋಡಿದಳು— ಬಿಗಿಯಾಗಿತ್ತು. ಆಮೇಲೆ ಟಾರ್ಚ್ ಹಾಕಿ ಬಗ್ಗಿದಳು.

"ಆಲ್ಟರ್ನೇಟರ್ ಮೇಲೆ ಈ ಹಸಿರು ಬಣ್ಣ ಯಾರು ಹಚ್ಚಿದ್ದು?"

"ನಾನೇ. ಎರಡು ವರ್ಷ ಆಯ್ತು, ಗುರುತಿಗೆ ಅಂತ."

"ಅಂದ್ರೆ ಇದು ನಿಮ್ಮದೇ. ಬದಲಾಗಿಲ್ಲ. ನೀವು ಒಂದ್ಸಲನಾದ್ರೂ ಬಗ್ಗಿ ನೋಡಿದ್ರಾ?"

ನೋಡಿರಲಿಲ್ಲ. ಆದರೂ ಸೋಲದೆ ಕೇಳಿದೆ:

"ಮತ್ತೆ ಚಾರ್ಜ್ ಯಾಕಾಗ್ತಿಲ್ಲ?"

"ಕೀ ತಿರುಗಿಸಿ. ಸ್ಟಾರ್ಟ್ ಮಾಡ್ಬೇಡಿ."

ತಿರುಗಿಸಿದೆ. ಮೀಟರ್ ಬೋರ್ಡಿನಲ್ಲಿ ಆಯಿಲ್ ದೀಪ ಹತ್ತಿತು. ಮುಂದೆ ಕೂರಿಸಿದ್ದ ಪುಟ್ಟ ವಿನಾಯಕನ ಮಂಟಪದ ದೀಪವೂ ಹತ್ತಿತು.

"ಬ್ಯಾಟರಿಯ ಕೆಂಪು ದೀಪ?"

"ಅದು ಹತ್ತಲ್ಲ. ಹತ್ತದಿದ್ರೆ ಒಳ್ಳೇದೇ ಅಲ್ವೇನಮ್ಮ?"

"ಇಂಜಿನ್ ಓಡೋವಾಗ ಹತ್ತಬಾರ್ದು. ಅದಕ್ಕೆ ಮೊದ್ಲು ಹತ್ತಲೇಬೇಕು! ಈ ಗಾಡೀಲಿ ಆಲ್ಟರ್ನೇಟರ್‌ಗೆ ಮೊದಲ್ನೇ ಕರೆಂಟ್ ಹೋಗೋದೇ ಆ ಬಲ್ಬಿನ ಮೂಲಕ. ಅದಿಲ್ದೆ ಚಾರ್ಜ್ ಶುರುವಾಗಲ್ಲ."

ಮೀಟರ್ ಬೋರ್ಡು ಬಿಚ್ಚಿದಳು. ಹೋಲ್ಡರಿನಲ್ಲಿ ಬಲ್ಬೇ ಇರಲಿಲ್ಲ.

"ಸುಟ್ಟಿಲ್ಲ, ಯಾರೋ ಕಿತ್ತಿದ್ದಾರೆ." ಅವಳು ವಿನಾಯಕನನ್ನು ನೋಡಿದಳು. ಆಮೇಲೆ ನನ್ನನ್ನು. "ಸ್ವಾಮಿ ದೀಪಕ್ಕೆ ಬಲ್ಬ್ ಎಲ್ಲಿಂದ ತಂದ್ರಿ, ಕೆಂಚಪ್ಪನೋರೆ?"

ಆಯುಧಪೂಜೆಯ ದಿನ ಮಂಗಳಾರತಿಗೆ ಹೊತ್ತಾಗಿತ್ತು, ವಿನಾಯಕನ ಬಲ್ಬು ಸುಟ್ಟಿತ್ತು. ಓಡಿಸುವಾಗ ಎಂದೂ ಹತ್ತದ ಬಲ್ಬೊಂದು ಮೀಟರ್ ಬೋರ್ಡಿನಲ್ಲಿ ದಂಡಕ್ಕೆ ಕೂತಿದೆಯಲ್ಲ ಎಂದು ಕಿತ್ತು ದೇವರಿಗೆ ಹಾಕಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ.

"ನಾನೇ ಕಿತ್ತಿದ್ದು," ಎಂದೆ.

ಮರಿಯಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತನ್ನ ಡಬ್ಬಿಯಿಂದ ಹೊಸ ಬಲ್ಬು ತೆಗೆದು ಖಾಲಿ ಹೋಲ್ಡರಿಗೆ ಕೂರಿಸಿದ. ಇಂಜಿನ್ ಸ್ಟಾರ್ಟ್ ಮಾಡಿದೆ. ಕೆಂಪು ದೀಪ ಹತ್ತಿ ಆರಿತು. ಭಾಗ್ಯಳ ಕೈಯಲ್ಲಿದ್ದ ಮೀಟರ್ ಹದಿನಾಲ್ಕು ವೋಲ್ಟ್ ತೋರಿಸಿತು— ಚಾರ್ಜ್ ಆಗುತ್ತಿತ್ತು.

"ಒಂದು ಬಲ್ಬ್ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ, ಕೆಂಚಪ್ಪ?" ಎಂದ ಮರಿಯಣ್ಣ.

ಫೋನು ತೆಗೆದು ಅದೇ ಗುಂಪಿಗೆ, ಅವನೆದುರಿಗೇ, ವಾಯ್ಸ್ ಶುರುಮಾಡಿದೆ.

"ಮರಿಯಣ್ಣ ಕಳ್ಳ ಅಲ್ಲ ಕಣ್ರಪ್ಪ. ನಾನು... ನಾನೇ..."

ಅಳು ಬಂದುಬಿಟ್ಟಿತು. ಅದನ್ನೂ ಎಲ್ಲರೂ ಕೇಳಲಿ ಎಂದು ಹಾಗೇ ಕಳಿಸಿದೆ.