ಡಾಡ್ಜ್ ಕಾರಿನ ಮುಂದಿನ ಸೀಟು

ಸಾವಿತ್ರಮ್ಮ ಕಾರಿನ ಗಾಜು ಒರೆಸುತ್ತಿದ್ದರು. ಬಟ್ಟೆ ಹಿಂಡುವ ಸದ್ದು ಬಿಟ್ಟರೆ ಬಾಳೂರಿನ ಆ ಶೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ. ಅಮೆರಿಕದ ಹಳೆಯ ಡಾಡ್ಜ್. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಮುಂಬಯಿಯಲ್ಲಿ ಜೋಡಣೆಯಾದದ್ದು. ಅವರ ಗಂಡ ಪರಮೇಶ್ವರಪ್ಪ ಸಾಯುವವರೆಗೂ ಅದರ ಕೀಲಿಯನ್ನು ಇನ್ನೊಬ್ಬರಿಗೆ ಕೊಟ್ಟವರಲ್ಲ. ಈಗ ಕೊಂಡವನು ಹರ್ಷವರ್ಧನ, ಮೈಸೂರಿನಿಂದ ಬಂದು ಗೋಣಿಬೀಡಿನಲ್ಲಿ ತೋಟ ಮಾಡಿದವನು.

ಕೀಲಿ ಕೊಡುವಾಗ ಸಾವಿತ್ರಮ್ಮ ತಗ್ಗಿದ ದನಿಯಲ್ಲಿ ಹೇಳಿದರು. "ಮುಂದಿನ ಸೀಟು ಕಿತ್ತು ಸುಟ್ಬಿಡಿ. ಇವ್ರು ಅದ್ರಲ್ಲಿ ಬೇರೊಬ್ಬಳನ್ನ ಕೂರಿಸ್ಕಂಡು ತಿರುಗ್ತಿದ್ರು. ನಂಗೆ ತಡ್ಕಳಕ್ಕಾಗ್ಲಿಲ್ಲ. ಮಾಟ ಮಾಡ್ಸಿದ ತಗಡನ್ನ ಸೀಟಿನ ತಳದಿಂದ ಒಳಗೆ ಸೇರಿಸ್ದೆ. ಯಾವ ಹೆಂಗ್ಸು ಕೂತ್ರೂ ಏಳ್ಬಾರ್ದು ಅಂತ."

"ಅವಳು ಕೂತಳಾ?"

"ಆಮೇಲೆ ಒಂದೇ ಸಲ."

"ನೀವೇ ತೆಗೀಬಹುದಿತ್ತಲ್ಲ?"

"ಮಾಡ್ಸಿದ ಕೈ ಬಿಚ್ಚಂಗಿಲ್ಲ."

ಹರ್ಷ ನಕ್ಕ. "ಒರಿಜಿನಲ್ ಸೀಟು ಸಾವಿತ್ರಮ್ಮನೋರೆ. ಒಂದು ಹೊಲಿಗೆ ಬಿಚ್ಚಿದ್ರೂ ಇದರ ಮರ್ಯಾದೆ ಹೋಯ್ತು. ನಿಮ್ಮ ಮಾಟಾನೂ ಒರಿಜಿನಲ್ಲೇ ಇರ್ಲಿ ಬಿಡಿ."

ಮಳೆಗಾಲವಿಡೀ ಕಾರಿನ ಸೇವೆ ನಡೆಯಿತು. ಸೀಟಿನ ಹೊಲಿಗೆಯ ಧೂಳನ್ನು ಬ್ರಶ್ಶಿನಿಂದ ತೆಗೆಯುವಾಗ ಅವನ ಬೆರಳು ಎಷ್ಟು ಮೆತ್ತಗಾಗುತ್ತಿತ್ತು ಎಂಬುದನ್ನು ಹೆಂಡತಿ ಕವನಾ ಜಗಲಿಯಿಂದ ನೋಡುತ್ತಿದ್ದಳು. ತನ್ನ ತಲೆಗೂದಲನ್ನು ಅವನು ಹಾಗೆ ಮುಟ್ಟಿ ಎಷ್ಟು ಕಾಲವಾಗಿತ್ತೋ.

ಕಾರನ್ನು ರಸ್ತೆಗಿಳಿಸಿದ ದಿನ ಅವಳು ತಾನಾಗಿ ಬಾಗಿಲು ತೆಗೆದು ಕೂತುಬಿಟ್ಟಳು.

"ನಿಮ್ಮ ಎರಡನೇ ಹೆಂಡ್ತಿ ತೊಡೆ ಮೇಲೇ ಕೂತಿದೀನಿ. ಏನ್ಮಾಡ್ತಾಳೆ ನೋಡೋಣ."

"ಸೀರೆ ಪಿನ್ನು ಹುಷಾರು ಮಾರಾಯ್ತಿ, ಗೀಚುತ್ತೆ," ಎಂದ ಹರ್ಷ. ಸಾವಿತ್ರಮ್ಮನ ಮಾತು ನೆನಪಾಗಿ ನಗು ಬಂತು. ಹೇಳಲಿಲ್ಲ.

ಬಾಳೂರು ದಾರಿಯ ತಿರುವಿನಲ್ಲಿ ಮಧ್ಯಾಹ್ನವೇ ಮಂಜು ಕವಿಯಿತು. ಎಂಜಿನ್ ತಾನಾಗಿ ನಿಂತಿತು. ಮೊದಲು ಬಾಡಿದ ಮಲ್ಲಿಗೆಯ ವಾಸನೆ. ಅದರ ಹಿಂದೆಯೇ ಸುಟ್ಟ ಕೂದಲಿನದು. ನಿಂತ ಕಾರಿನಲ್ಲಿ ಸೀಟಿನ ಸ್ಪ್ರಿಂಗು ಕಿರ್ರೆಂದಿತು.

"ಏಳಕ್ಕಾಗ್ತಿಲ್ಲ ರೀ. ಕೆಳಗಿಂದ ಯಾರೋ ಹಿಡ್ಕೊಂಡಿದಾರೆ."

ಕವನಾ ನಗುತ್ತಿರಲಿಲ್ಲ. ಹೊಲಿಗೆಯ ಸಂದಿನಿಂದ ಉದ್ದನೆಯ ಕೂದಲು ಹೊರಬಂದು ಅವಳ ಸೊಂಟ ಸುತ್ತಿತ್ತು. ಹರ್ಷ ಎಳೆದ. ಬಿಗಿಯಿತು. ಎದೆಗೇರಿತು. ಕುತ್ತಿಗೆಗೆ ಬಂತು.

"ಕೊಯ್ರಿ. ಸೀಟು ಕೊಯ್ರಿ."

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಚಾಕು ತೆಗೆದ. ಹೊಲಿಗೆಯ ಮೇಲಿಟ್ಟ. ಕೈ ತಡೆಯಿತು. ಇಂಥ ಹೊಲಿಗೆ ಇನ್ನೆಲ್ಲೂ ಸಿಗದು. ಅಂಚಿನಿಂದ ಬಿಡಿಸಲಾದೀತೇ ಎಂದು ಬೆರಳಾಡಿಸಿದ.

ಕವನಾ ಆ ಬೆರಳು ನೋಡಿದಳು. ಅವನ ಮುಖ ನೋಡಿದಳು. ಒದ್ದಾಡುವುದನ್ನು ನಿಲ್ಲಿಸಿದಳು.

ಆಮೇಲೆ ಕೊಯ್ದ. ಉದ್ದಕ್ಕೂ ಸೀಳಿದ. ನಾರು. ಕೂದಲಿನ ಉಂಡೆ. ಕಪ್ಪುಗಟ್ಟಿದ ತಾಮ್ರದ ತಗಡು. ಎಲ್ಲವನ್ನೂ ಬಾಚಿ ಕಣಿವೆಗೆ ಎಸೆದ. ಕುತ್ತಿಗೆಯ ಕೂದಲು ಸಡಿಲಾಗಿ ಜಾರಿತು.

ಅವಳು ನೆಟ್ಟಗೆ ಕೂತೇ ಇದ್ದಳು. ಕಣ್ಣು ತೆರೆದಿತ್ತು. ರೆಪ್ಪೆ ಆಡಲಿಲ್ಲ. ಉಸಿರೂ ಆಡಲಿಲ್ಲ.

ಹರ್ಷ ಆಚೆ ಕಡೆಯ ಬಾಗಿಲು ತೆರೆದು ಕೈ ಚಾಚಿದ.

"ಇಳಿ ಕವನಾ. ಮನೆಗೆ ನಡ್ಕೊಂಡೇ ಹೋಗೋಣ."