ಮಡುವಿನ ನೀರುನಾಯಿ

ಏಪ್ರಿಲ್ ಹದಿನಾರರ ಬೆಳಿಗ್ಗೆ ಠಾಣೆಗೆ ಬಂದ ದೋಣಿ ಗುತ್ತಿಗೆದಾರ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ತಂದು ಇನ್ಸ್‌ಪೆಕ್ಟರ್ ಮೇಡಂ ಅವರ ಟೀ ಲೋಟದ ಪಕ್ಕದಲ್ಲೇ ಇಟ್ಟ.

"ಏನ್ರೀ ಇದು?"

"ನೀರುನಾಯಿ ಹಿಕ್ಕೆ, ಮೇಡಂ. ಯಾರೋ ತಂದಿಟ್ಟಿದ್ದು."

ಇನ್ಸ್‌ಪೆಕ್ಟರ್ ಮೊದಲು ಲೋಟವನ್ನು ದೂರ ಸರಿಸಿ, ಆಮೇಲೆ ದೂರು ಕೇಳಿದರು.

ರಾಷ್ಟ್ರೀಯ ಉದ್ಯಾನದಲ್ಲಿ ಜಲಪಾತದ ಕೆಳಗೊಂದು ಮಡು. ಅಲ್ಲಿ ಇವನ ದೋಣಿಗಳು ಓಡುತ್ತಿದ್ದವು, ಜನ ಈಜುತ್ತಿದ್ದರು. ಮಕ್ಕಳ ರಜೆ ಶುರುವಾದ ವಾರವೇ ಬಂಡೆಗಳ ಮೇಲೆ ನೀರುನಾಯಿಯ ಹಿಕ್ಕೆ ಸಿಕ್ಕಿತು. ಉದ್ಯಾನದ ನಿರ್ವಹಣಾ ಯೋಜನೆಯಲ್ಲಿ ಒಂದು ನಿಯಮವಿದೆ: ಅಪರೂಪದ ಪ್ರಾಣಿ ನೆಲೆಸಿದ ಸುಳಿವು ಕಂಡರೆ ತಿದ್ದುಪಡಿಗೆ ಕಾಯದೆ ಆ ಜಾಗವನ್ನು ಮುಚ್ಚಬಹುದು. ಮುಚ್ಚಿಬಿಟ್ಟರು.

"ಇಷ್ಟು ವರ್ಷದಲ್ಲಿ ಅಲ್ಲಿ ನೀರುನಾಯಿ ಬಾಲಾನೂ ನೋಡಿಲ್ಲ ನಾನು. ಇದು ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಮಾಡಿರೋ ಕೆಲಸ."

"ಸರಿ. ಮುಚ್ಚಿದ ಜಾಗದಿಂದ ನಿಮಗಿದು ಹೇಗೆ ಸಿಕ್ತು?"

ಗುತ್ತಿಗೆದಾರ ಫ್ಯಾನ್ ನೋಡತೊಡಗಿದ. ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡರು. ಸುಳ್ಳು ಸಾಕ್ಷ್ಯ ಸೃಷ್ಟಿ ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ.

ಮಧ್ಯಾಹ್ನ ಮಡುವಿನ ದಂಡೆಯಲ್ಲಿ ಪಂಚನಾಮೆ ನಡೆಯಿತು. ಟಿಕೆಟ್ ಕೊಡುವವನೂ ಕಸ ಗುಡಿಸುವ ಹೆಂಗಸೂ ಪಂಚರು. ಮೂರು ಬಂಡೆಗಳ ಮೇಲೆ ಹಿಕ್ಕೆ ಇತ್ತು. ಪಕ್ಕದ ಒದ್ದೆ ಮರಳಿನಲ್ಲಿ ನೀರುನಾಯಿಯ ಒಂದು ಹೆಜ್ಜೆಗುರುತೂ ಇರಲಿಲ್ಲ. ರೆಕ್ಕೆ ಕಟ್ಟಿಕೊಂಡು ಬಂದು ಕೂತು ಹೋಗುವ ಪ್ರಾಣಿಯಲ್ಲವಲ್ಲ ಇದು ಎಂದು ಇನ್ಸ್‌ಪೆಕ್ಟರಿಗೆ ಆಗಲೇ ಅನುಮಾನ ಬಂತು.

ದಪ್ಪ ಮೀಸೆಯ ದಫೇದಾರರು ಬೂಟು ಬಿಚ್ಚತೊಡಗಿದರು. "ನೀರು ಎಷ್ಟು ತಿಳಿಯಾಗಿದೆ ಮೇಡಂ. ಒಂದ್ನಿಮಿಷ ಕಾಲಿಡ್ತೀನಿ."

"ಬೇಡ ಸಾರ್," ಎಂದ ಜೊತೆಗೆ ಬಂದಿದ್ದ ಉದ್ಯಾನದ ಕಾವಲುಗಾರ. "ಮೇಲೆ ಸುಮ್ನಿದ್ದ ಹಾಗೆ ಕಾಣುತ್ತೆ. ಕೆಳಗೆ ಎಳೆಯುತ್ತೆ."

ದಫೇದಾರರು ಮತ್ತೆ ಬೂಟು ಹಾಕಿಕೊಂಡರು.

ಪ್ರಯೋಗಾಲಯದ ವರದಿ ಇಪ್ಪತ್ಮೂರಕ್ಕೆ ಬಂತು. ಹಿಕ್ಕೆ ನೀರುನಾಯಿಯದೇ. ಆದರೆ ಅದರಲ್ಲಿದ್ದ ಮೂಳೆಗಳೆಲ್ಲ ಸಮುದ್ರದ ಮೀನಿನವು.

"ಸಮುದ್ರ ಇಲ್ಲಿಂದ ಒಂದು ರಾತ್ರಿ ಪ್ರಯಾಣ," ಎಂದರು ದಫೇದಾರರು. "ಊಟ ಮುಗಿಸ್ಕೊಂಡು ಬಸ್ಸಲ್ಲಿ ಬಂತೋ ಏನೋ."

ಮರುದಿನ ಇಬ್ಬರೂ ಉದ್ಯಾನದ ಯೋಜನಾಧಿಕಾರಿಯ ಕೋಣೆಗೆ ಹೋದರು. ಗೋಡೆಯ ತುಂಬ ಉದ್ಯಾನದ ನಕ್ಷೆ. ಹಸಿರು ವಲಯ, ಹಳದಿ ವಲಯ. ನೆಲದ ಮೇಲೆ ಮೊಣಕಾಲೆತ್ತರ ಯೋಜನೆಯ ಕರಡು ಪ್ರತಿಗಳು. ಕುರ್ಚಿ ಎಳೆದುಕೊಳ್ಳುವ ಮೊದಲೇ ಅಧಿಕಾರಿ, "ನಾನು ಇಟ್ಟಿಲ್ಲ ಮೇಡಂ," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ದೋಣಿ ಬೇಡ ಅಂತ ಕರಡಿನಲ್ಲಿ ಬರೆದಿದ್ರಂತೆ?"

"ಬರೆದಿದ್ದೆ. ಸಮಿತಿಯವರು ಹೊಡೆದುಹಾಕಿದ್ರು. ಅದಕ್ಕೆ ಹಿಕ್ಕೆ ಹೊತ್ಕೊಂಡು ಓಡಾಡ್ತೀನಾ?"

"ಮಡು ಮುಚ್ಚಿ ಅಂತ ಬೇರೆ ಯಾರು ಕೇಳಿದ್ರು?"

"ಒಬ್ರಿದಾರೆ. ನಮ್ಮ ಹುಡುಗರು ಅವರನ್ನ ಮಡು ಮಾವ ಅಂತ ಕರೀತಾರೆ. ಯೋಜನೆ ಹತ್ತು ವರ್ಷಕ್ಕೊಂದು, ಮಧ್ಯೆ ಐದನೇ ವರ್ಷ ಪರಿಶೀಲನೆ. ಕರಡನ್ನ ಜನರ ಮುಂದಿಟ್ಟಾಗಲೆಲ್ಲ ಬರ್ತಾರೆ. ಕೊನೇಲಿ ಎದ್ದು, ಮಡು ಮುಚ್ಚಿ ಅಂತಾರೆ."

"ನೀವೇನಂತೀರಿ?"

"ಗಮನಿಸಲಾಗಿದೆ ಅಂತ ಬರೀತೀವಿ."

"ಅಂದ್ರೆ?"

"ಅಂದ್ರೆ... ಗಮನಿಸಲಾಗಿದೆ."

"ಅವರಿಗೆ ಯಾಕಂತೆ ಈ ಹಠ?"

"ಮಗಳು ಅಲ್ಲಿ ಮುಳುಗಿ ತೀರ್ಕೊಂಡ್ಳು. ಶಾಲೆಯಿಂದ ಪ್ರವಾಸ ಬಂದಿದ್ಳಂತೆ." ಅಧಿಕಾರಿಯ ದನಿ ತಗ್ಗಿತು. "ನಮ್ಮದು ಪ್ರಾಣಿ, ಗಿಡ, ನೀರಿನ ಯೋಜನೆ ಮೇಡಂ. ಈಜೋರ ಸುರಕ್ಷತೆ ಅದರ ವ್ಯಾಪ್ತಿಗೆ ಬರಲ್ಲ. ಎಚ್ಚರಿಕೆ ಫಲಕ ಹಾಕಿದೀವಿ."

"ಅವರಿಗೆ ಕೆಲಸ ಎಲ್ಲಿ?"

"ಮೃಗಾಲಯದಲ್ಲಿ ಕಾಂಪೌಂಡರ್."

ಬರೆಯುತ್ತಿದ್ದ ದಫೇದಾರರ ಪೆನ್ನು ನಿಂತಿತು.

ಮೃಗಾಲಯದ ಔಷಧಾಲಯ ಬಾವಿಯಷ್ಟು ತಣ್ಣಗಿತ್ತು. ಕಾಂಪೌಂಡರ್ ಸೂಕ್ಷ್ಮದರ್ಶಕದ ಗಾಜುಗಳನ್ನು ತೊಳೆಯುತ್ತಿದ್ದರು. ಪ್ರಾಣಿಗಳಿಗೆ ಜಂತುಹುಳು ಇದೆಯೇ ಎಂದು ಅವುಗಳ ಹಿಕ್ಕೆ ಪರೀಕ್ಷಿಸುವುದು ಅವರ ದಿನದ ಕೆಲಸ. ಸಮವಸ್ತ್ರ ಕಂಡು ಗಾಬರಿಯಾಗದೆ, "ಕೂತ್ಕೊಳ್ಳಿಮ್ಮಾ," ಎಂದು ಸ್ಟೂಲು ಒರೆಸಿಕೊಟ್ಟರು.

"ಇಲ್ಲಿ ನೀರುನಾಯಿಗೆ ಏನು ಹಾಕ್ತೀರಿ?"

"ಸಮುದ್ರದ ಮೀನು. ಮಂಜುಗಡ್ಡೆ ಪೆಟ್ಟಿಗೇಲಿ ಬರುತ್ತೆ." ಹೇಳಿದ ಮೇಲೆ ಅವರ ಕೈ ನಿಂತಿತು. ಕೈಗವಸು ಒಂದೊಂದಾಗಿ ಬಿಚ್ಚಿದರು. "ಅಲ್ಲಿ ತಪ್ಪಿದ್ನಾ? ದಿನಾ ಅದನ್ನೇ ನೋಡ್ತೀನಿ, ಹುಳ ಮಾತ್ರ ಹುಡುಕ್ತೀನಿ. ಮೂಳೆ ಕಡೆ ಗಮನವೇ ಹೋಗ್ಲಿಲ್ಲ."

"ಒಳಗೆ ಹೇಗೆ ಹೋದ್ರಿ?"

"ಬೆಳಿಗ್ಗೆ ವಾಕಿಂಗ್ ಹೋಗೋರ ಜೊತೆ."

"ಯಾರು ಸಹಾಯ ಮಾಡಿದ್ರು?"

"ಯಾರೂ ಇಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ. ಅವಳನ್ನ ಏನೂ ಕೇಳ್ಬೇಡಿ."

"ಕಾರಣ ಬರ್ಕೋಬೇಕು."

"ನಮ್ಮ ಮಗು ಹೋದ್ಮೇಲೆ ಇನ್ನೂ ಇಬ್ಬರು ಅಲ್ಲೇ ಮುಳುಗಿ ಹೋದ್ರು, ಮೇಡಂ. ಇಬ್ಬರೂ ಹುಡುಗರು. ಪ್ರತಿ ಸಲ ಆ ಕರಡನ್ನ ಪೂರ್ತಿ ಓದ್ತೀನಿ. ಮನುಷ್ಯರಿಗೋಸ್ಕರ ಮುಚ್ಚೋಕೆ ಅದರಲ್ಲಿ ಒಂದು ಸಾಲೂ ಇಲ್ಲ. ನೀರುನಾಯಿಗೆ ಇತ್ತು."

ಅವರ ಮೇಲೆ ಇನ್ಸ್‌ಪೆಕ್ಟರಿಗೆ ಸಿಟ್ಟು ಬರಲಿಲ್ಲ. ಮರುಕ ಬಂತು, ಅದರ ಹಿಂದೆಯೇ ತಮ್ಮ ಕೆಲಸದ ಮೇಲೆ ಬೇಸರವೂ ಬಂತು. ಆದರೂ ಕೆಲಸ ಕೆಲಸವೇ. ಸಂಜೆ ನಾಲ್ಕಕ್ಕೆ ಬಂಧನವನ್ನು ದಾಖಲಿಸಿದರು.

ಜೀಪಿನಲ್ಲಿ ಕಾಂಪೌಂಡರ್ ಒಂದೇ ಪ್ರಶ್ನೆ ಕೇಳಿದರು. "ಈಗ ಮಡು ತೆರೀತಾರಾ?"

"ಸುಳಿವು ಸುಳ್ಳು ಅಂತ ನಾನು ವರದಿ ಕೊಟ್ಟ ಮೇಲೆ ತೆರೀಲೇಬೇಕು."

ಅವರು ತಲೆಯಾಡಿಸಿದರು. "ಬಹಳ ದಿನ ನಡೆಯಲ್ಲ ಅಂತ ಗೊತ್ತಿತ್ತು. ಮಕ್ಕಳ ರಜೆ ಮುಗಿಯೋವರೆಗಾದ್ರೂ ನಡೆಯುತ್ತೆ ಅಂದ್ಕೊಂಡಿದ್ದೆ."

ವರದಿ ಹೋದ ಮರುದಿನ ಮಡು ತೆರೆಯಿತು. ಗುತ್ತಿಗೆದಾರನ ದೋಣಿಗಳು ನೀರಿಗಿಳಿದವು. ಬೆಳಿಗ್ಗೆ ಹಾಜರಿ ಆದ ಮೇಲೆ ಇನ್ಸ್‌ಪೆಕ್ಟರ್ ದಫೇದಾರರನ್ನು ಕರೆದು, ಇನ್ನೊಬ್ಬ ಪೇದೆಯನ್ನು ಕರೆದುಕೊಂಡು ಮಡುವಿನ ಹತ್ತಿರ ನಿಲ್ಲಲು ಹೇಳಿದರು.

"ಯಾವ ಆದೇಶದ ಮೇಲೆ ಅಂತ ಬರೀಲಿ, ಮೇಡಂ?"

"ಏನೂ ಬರೀಬೇಡಿ. ನೀರಿಗೆ ಯಾರೂ ಇಳೀಬಾರದು, ಅಷ್ಟೆ."

"ಎಷ್ಟು ದಿನ?"

"ರಜೆ ಮುಗಿಯೋವರೆಗೆ."