ಹದಿನಾರನೇ ಚಾನೆಲ್‌ನ ಮೂವತ್ಮೂರು ನಿಮಿಷ

ಸೋಮವಾರ ಬೆಳಿಗ್ಗೆ 9.40ಕ್ಕೆ ಬಂದರು ಠಾಣೆಗೆ ಬಂದ ಹಲ್ಲಿನ ಡಾಕ್ಟರ ಬಲಗೈಗೆ ಬ್ಯಾಂಡೇಜಿತ್ತು. ಆದ್ದರಿಂದ ಅವರು ದೂರು ಹೇಳಿದರು, ದಫೇದಾರ ಬರೆದುಕೊಂಡ.

ಭಾನುವಾರ ಮಧ್ಯಾಹ್ನ ಡಾಕ್ಟರೂ ಅವರ ಅಕ್ಕನ ಗಂಡನೂ ಹಾಯಿದೋಣಿಯಲ್ಲಿ ವಿಹಾರಕ್ಕೆ ಹೋಗಿದ್ದರು. ಗಾಳಿ ತಿರುಗಿ ದೋಣಿ ಮಗುಚಿತು. ಸೊಂಟದಲ್ಲಿದ್ದ ಕೈರೇಡಿಯೋದಿಂದ 4.32ಕ್ಕೆ ಕರಾವಳಿ ಕಾವಲು ಪಡೆಯನ್ನು ಕರೆದರು. ರಕ್ಷಣಾ ಬೋಟು ಮುಟ್ಟಿದ್ದು 5.40ಕ್ಕೆ. ಅದಕ್ಕೆ ಹತ್ತು ನಿಮಿಷ ಮುಂಚೆ ಭಾವ ಕೈಜಾರಿ ಹೋಗಿದ್ದರು. ಶವ ಬೆಳಗಿನ ಜಾವ ಸಿಕ್ಕಿತ್ತು.

ಇನ್‌ಸ್ಪೆಕ್ಟರ್ ಕಾವಲು ಪಡೆಗೆ ಫೋನ್ ಮಾಡಿ ವಿಚಾರಿಸಿ, ಡಾಕ್ಟರ ಕಡೆ ತಿರುಗಿದರು. "ಅವರ ಪುಸ್ತಕದಲ್ಲಿ ಕರೆ ಬಂದಿದ್ದು 5.05ಕ್ಕೆ ಅಂತಿದೆ. ನಿಮ್ಮ ಗಡಿಯಾರ ಸರಿ ಇತ್ತಾ?"

"ನೋಡ್ತಾನೇ ಇದ್ದೆ ಮೇಡಂ. ನೀರಲ್ಲಿ ನೋಡೋಕೆ ಬೇರೇನಿತ್ತು?"

"ಉತ್ತರ ಬಂತಾ?"

"ತಕ್ಷಣ ಬಂತು. ಬೋಟು ಹೊರಟಿದೆ ಅಂದ್ರು."

"ಲೈಫ್ ಜಾಕೆಟ್?"

"ನಂದಿತ್ತು. ಭಾವ ಸೆಖೆ ಅಂತ ಬಿಚ್ಚಿಟ್ಟಿದ್ರು."

10.25ಕ್ಕೆ FIR ದಾಖಲಾಯಿತು. ಡಾಕ್ಟರು ಮೆಟ್ಟಿಲು ಇಳಿಯುವುದನ್ನೇ ಕಾಯುತ್ತಿದ್ದ ದಫೇದಾರ ಬಾಗಿಲು ಮುಂದೆ ಮಾಡಿದ. "ಇವರಿಗೆ ಜಾಕೆಟ್ ಇತ್ತು, ಭಾವನಿಗೆ ಇರಲಿಲ್ಲ. ತಡವಾಗಿ ಕರೆದು ಈಗ ತಪ್ಪನ್ನ ಕಾವಲು ಪಡೆ ಮೇಲೆ ಹಾಕ್ತಿರಬಹುದು ಮೇಡಂ. ಕುಂಬಳಕಾಯಿ ಕಳ್ಳ ಅಂದ್ರೆ..."

"ಹೆಗಲು ಮುಟ್ಟಿ ನೋಡ್ಕೊಳ್ಳೋರು ಯಾರು ಅಂತ ನೋಡೋಣ. ಜೀಪ್ ತೆಗಿ."

ಆದರೆ ಅನುಮಾನ ಅವರಿಗೂ ಇತ್ತು. ಅಳದೆ ನಿಮಿಷಗಳ ಲೆಕ್ಕ ಒಪ್ಪಿಸುವವರನ್ನು ಅವರು ಸುಲಭಕ್ಕೆ ನಂಬುವವರಲ್ಲ.

ಕಾವಲು ಪಡೆಯ ರೇಡಿಯೋ ಕೋಣೆ ಚಿಕ್ಕದು: ಎರಡು ಸ್ಪೀಕರು, ಒಂದು ನಕ್ಷೆ, ಸಮುದ್ರಕ್ಕೆ ಮುಖ ಮಾಡಿದ ಕಿಟಕಿ. ಭಾನುವಾರ ಪಾಳಿಯಲ್ಲಿದ್ದಾತ ಹತ್ತೊಂಬತ್ತು ವರ್ಷ ಸರ್ವೀಸಿನವನು. ಇಸ್ತ್ರಿ ಮುರಿಯದ ಅಂಗಿ, ಮುರಿಯದ ಮುಖ.

"4.32ಕ್ಕೆ ಎಲ್ಲಿದ್ರಿ?"

"ಇದೇ ಕುರ್ಚಿಯಲ್ಲಿ."

"ಕರೆ?"

"5.05ಕ್ಕೆ. ಅದಕ್ಕೆ ಮೊದಲು ಇಲ್ಲ."

"ರೆಕಾರ್ಡಿಂಗ್ ಕೇಳಿಸಿ."

4.30ರಿಂದ 5.10ರವರೆಗೆ ಬರೀ ಮೌನ; 5.05ರ ಕರೆಯೂ ಇರಲಿಲ್ಲ. "ಯಂತ್ರ ಕೆಟ್ಟಿತ್ತು," ಎಂದ.

"ರಿಪೇರಿಗೆ ಬರೆದ್ರಾ?"

"ತಾನೇ ಸರಿಹೋಯ್ತು." ಆಮೇಲೆ ಕೇಳದಿದ್ದರೂ ಹೇಳಿದ. "ಭಾನುವಾರದ ದೋಣಿಯವರು ಮೇಡಂ. ಹಗ್ಗ ಸಿಕ್ಕಿಕೊಂಡ್ರೂ ಕೂಗ್ತಾರೆ. ಸಮುದ್ರ ಅಂದ್ರೆ ಈಜುಕೊಳ ಅಂದ್ಕೊಂಡಿದಾರೆ."

"ಆದ್ರೂ ಹೋಗ್ತೀರಿ."

"ಹೋಗಲೇಬೇಕು. ಹೋದೋರೆಲ್ಲ ವಾಪಸ್ ಬರಲ್ಲ, ಅಷ್ಟೇ."

ಮಾತು ಬಾಯಿಂದ ಜಾರಿದ್ದಕ್ಕೆ ಅವನು ತುಟಿ ಕಚ್ಚಿದ್ದನ್ನು ಇನ್‌ಸ್ಪೆಕ್ಟರ್ ಗಮನಿಸಿದರು. ಇಬ್ಬರು ಪಂಚರ ಎದುರು ಪಂಚನಾಮೆ ಬರೆಸಿ, ಯಂತ್ರವನ್ನು ಜಪ್ತಿ ಮಾಡಿದರು.

ಯಂತ್ರಕ್ಕೆ ಕಿವಿ ಇಲ್ಲದಿದ್ದರೇನಂತೆ, ಆಪತ್ತಿನ ಕರೆಗಳ ಹದಿನಾರನೇ ಚಾನೆಲ್ ಎಲ್ಲ ದೋಣಿಗಳಲ್ಲೂ ಕೇಳುತ್ತದೆ. ಮಂಗಳವಾರ ದಫೇದಾರ ದೋಣಿ ಕಟ್ಟುವ ಧಕ್ಕೆಯುದ್ದಕ್ಕೂ ಅಲೆದು ಒಬ್ಬನನ್ನು ಹುಡುಕಿದ. ಮೀನು ಬೋಟು ನಡೆಸುವ ಅಜ್ಜ. ಇನ್‌ಸ್ಪೆಕ್ಟರ್ ಅಲ್ಲಿಗೇ ಹೋಗಿ ವಿಚಾರಿಸಿದರು.

"ಕೇಳಿಸ್ತು ತಾಯಿ. ನಾಲ್ಕೂವರೆ ಹವಾಮಾನ ವಾರ್ತೆ ಆಗಷ್ಟೇ ಮುಗಿದಿತ್ತು."

"ಹತ್ತಿರದಲ್ಲಿದ್ರಾ?"

"ಹದಿನೈದು ನಿಮಿಷದ ದಾರಿ. ಚುಕ್ಕಾಣಿ ತಿರುಗಿಸಿಯೂ ಆಗಿತ್ತು. ಅಷ್ಟರಲ್ಲಿ ಕಾವಲು ಪಡೆಯವರು, 'ಬೋಟು ಹೊರಟಿದೆ, ಉಳಿದವರು ಚಾನೆಲ್ ಬಿಡಿ' ಅಂದ್ರು. ಅವರು ಹೊರಟ ಮೇಲೆ ನಾವು ಅಡ್ಡ ಬರಬಾರದು. ಬಲೆ ಎಳೆಯೋಕೆ ಹೋದೆ." ಅಜ್ಜ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ಯಾಕೆ ತಾಯಿ, ಅವರು ಹೋಗಲಿಲ್ವಾ?"

ಇನ್‌ಸ್ಪೆಕ್ಟರ್ ಅಜ್ಜನ ಹೇಳಿಕೆ ಬರೆದುಕೊಂಡರು. ಕರೆ ಮುಚ್ಚಿಟ್ಟಿದ್ದಷ್ಟೇ ಅಲ್ಲ, ಆ ಒಂದು ಸುಳ್ಳು ಹೊರಟಿದ್ದ ನೆರವನ್ನೂ ಹಿಂದಕ್ಕೆ ಕಳಿಸಿತ್ತು.

ಬುಧವಾರ ತಂತ್ರಜ್ಞನ ವರದಿ ಬಂತು. ಯಂತ್ರದಲ್ಲಿ ದೋಷವಿಲ್ಲ, ಭಾನುವಾರ 5.50ಕ್ಕೆ, ಪಾಳಿಯವನ ಪಾಸ್‌ವರ್ಡ್‌ನಿಂದಲೇ ಧ್ವನಿ ಅಳಿಸಲಾಗಿದೆ. ಆದರೆ ಯಾಕೆ? "ಹೋದೋರೆಲ್ಲ ವಾಪಸ್ ಬರಲ್ಲ" ಎಂಬ ಮಾತು ಇನ್‌ಸ್ಪೆಕ್ಟರ ತಲೆಯಲ್ಲಿ ಕೊರೆಯುತ್ತಿತ್ತು. ಪಡೆಯ ಹಳೆಯ ರಿಜಿಸ್ಟರುಗಳನ್ನು ತರಿಸಿದರು. ನಾಲ್ಕು ವರ್ಷದ ಹಿಂದಿನ ಪುಟದಲ್ಲಿ ಉತ್ತರವಿತ್ತು. ಬಿರುಗಾಳಿಯ ಎಚ್ಚರಿಕೆ ಲೆಕ್ಕಿಸದೆ ಹೊರಟಿದ್ದ ಹಾಯಿದೋಣಿ. ರಕ್ಷಿಸಲ್ಪಟ್ಟವರು: ದಂತವೈದ್ಯರೊಬ್ಬರು. ಮೃತ: ರಕ್ಷಣಾ ಬೋಟಿನ ಸಿಬ್ಬಂದಿ, ಇಪ್ಪತ್ತಾರು ವರ್ಷ. ಹತ್ತಿರದ ಸಂಬಂಧಿ: ಅಣ್ಣ, ರೇಡಿಯೋ ಕೋಣೆ.

ಮಧ್ಯಾಹ್ನ 3.15ಕ್ಕೆ ಆ ಪುಟವನ್ನು ಪಾಳಿಯವನ ಮುಂದಿಟ್ಟರು. ಅವನು ಓದಲಿಲ್ಲ.

"ದನಿ ಕೇಳಿದ ಕೂಡ್ಲೆ ಗೊತ್ತಾಯ್ತು ಮೇಡಂ. ಆವತ್ತೂ ಕರೆ ತಗೊಂಡಿದ್ದು ನಾನೇ. ತಮ್ಮನಿಗೆ ರಜಾ ಇತ್ತು, ಆಳು ಸಾಲದು ಅಂತ ಮನೆಯಿಂದ ಕರೆಸಿ ಕಳಿಸಿದ್ದೂ ನಾನೇ."

"ಡಾಕ್ಟರು ಸಾಯಲಿ ಅಂತಾನಾ?"

"ಇಲ್ಲ. ತಮ್ಮ ಅರ್ಧ ಗಂಟೆ ನೀರಲ್ಲಿ ಒದ್ದಾಡಿದ್ದ. ಇವನಿಗೂ ಅದು ಗೊತ್ತಾಗಲಿ, ಆಮೇಲೆ ಬೋಟು ಕಳಿಸೋಣ ಅಂದ್ಕೊಂಡೆ. ಕಳಿಸಿದೆ ಕೂಡ."

"ಇಬ್ಬರಿದ್ದೇವೆ ಅಂತ ಅವರು ಹೇಳಿರಲಿಲ್ವಾ?"

ಅವನು ಆ ಪುಟವನ್ನು ಮಗುಚಿಟ್ಟ. "ಹೇಳಿದ್ರು. ನನ್ನ ಕಿವಿಗೆ ಒಬ್ಬನೇ ಕೇಳಿಸಿದ."

4.10ಕ್ಕೆ ದಸ್ತಗಿರಿ ಮಾಡಲಾಯಿತು. ಸುದ್ದಿ ತಿಳಿಸಲು ಫೋನ್ ಮಾಡಿದಾಗ ಡಾಕ್ಟರು, "ಆ ಹುಡುಗನ ಮನೆಗೆ ಒಂದು ಸಲ ಹೋಗಿ ಬಾ ಅಂತ ಭಾವ ಎಷ್ಟು ಸಲ ಹೇಳಿದ್ರು. ಯಾವ ಮುಖ ಇಟ್ಕೊಂಡು ಹೋಗೋದು ಅಂತ ಹೋಗಲಿಲ್ಲ," ಎಂದರು.

ವರದಿಯಲ್ಲಿ 'ಉದ್ದೇಶ' ಎಂಬಲ್ಲಿ ಇನ್‌ಸ್ಪೆಕ್ಟರ್ 'ಸೇಡು' ಎಂದು ಬರೆದರು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಪಕ್ಕದಲ್ಲಿ ಸೇರಿಸಿದರು: 'ತಮ್ಮನನ್ನು ಕಳಿಸಿದ್ದು ತಾನೇ ಎಂಬ ಕೊರಗು.'